ನಡುಮನೆಯ ನ್ಯಾಯ: ಟಿ.ಎನ್. ಸೀತಾರಾಮ್ ಧಾರಾವಾಹಿಗಳನ್ನು ಬಾಗಿಲಲ್ಲಿ ನಿಂತು ನೋಡಿದಾಗ

೧

ಟಿ.ಎನ್. ಸೀತಾರಾಮ್ ಅವರ ಬಗ್ಗೆ ಬರೆಯುತ್ತೇನೆ ಎಂದಾಗ ಗೆಳೆಯನೊಬ್ಬ ರೇಗಿದ. "ಬೈಯೋಕೆ ನಿಂಗೆ ಬೇರೆ ಯಾರೂ ಸಿಗಲಿಲ್ವೇನಯ್ಯ? ಹಾವು, ಮಾಟ, ವಿಷದ ಪಾಯಸ ತೋರಿಸೋರ್ನೆಲ್ಲ ಬಿಟ್ಟು, ಇರೋ ಒಬ್ಬ ಒಳ್ಳೆ ಮನುಷ್ಯನ ಮೇಲೆ ಬೀಳ್ತೀಯಲ್ಲ" ಅಂದ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಹಾವಿನ ಧಾರಾವಾಹಿಯ ಜೊತೆ ಜಗಳಾಡಿ ಏನು ಮಾಡುವುದು? ಅದು ನಮಗೆ ಯಾವ ಮಾತನ್ನೂ ಕೊಟ್ಟಿರಲಿಲ್ಲ, ಹಾಗಾಗಿ ಯಾವ ಮಾತನ್ನೂ ಮುರಿದಿಲ್ಲ. ಸೀತಾರಾಮ್ ಮಾತು ಕೊಟ್ಟವರು. ಸಮಾಜವಾದದ ಗಾಳಿಯಲ್ಲಿ ಬೆಳೆದು, ಲಂಕೇಶರ ಒಡನಾಟದಲ್ಲಿದ್ದು, ನ್ಯಾಯ ಎಂಬ ಪದವನ್ನು ತಂದು ಕನ್ನಡದ ಟೀವಿಯೊಳಗೆ ಕೂರಿಸಿದವರು. ಆ ಪದಕ್ಕೆ ನಾವೂ ಹಕ್ಕುದಾರರು. ಅದಕ್ಕೇ ಈ ಜಗಳ.

ಮೊದಲು ಅವರ ಕೆಲಸದ ಲೆಕ್ಕ ಹೇಳಿಬಿಡಬೇಕು. ಅವರು ಗೌರಿಬಿದನೂರು ಕಡೆಯವರು. ಕಾನೂನು ಓದಿ ವಕೀಲಿ ಮಾಡಿದವರು. 'ಆಸ್ಫೋಟ', 'ನಮ್ಮೊಳಗೊಬ್ಬ ನಾಜೂಕಯ್ಯ' ನಾಟಕಗಳಿಂದ ರಂಗಭೂಮಿಯಲ್ಲಿ ಹೆಸರಾದರು. ಲಂಕೇಶರು ಮೊದಲ ಸಲ ನಿರ್ದೇಶಿಸಿದ 'ಪಲ್ಲವಿ' ಚಿತ್ರದಲ್ಲಿ ನಟಿಸಿದರು. ೧೯೯೮ರಲ್ಲಿ ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರ ಜೊತೆ ಸೇರಿ ದೂರದರ್ಶನಕ್ಕೆ 'ಮಾಯಾಮೃಗ' ಮಾಡಿದರು. ಖಾಸಗಿ ವಾಹಿನಿಗಳು ಬಂದ ಮೇಲೆ 'ಮನ್ವಂತರ', 'ಮುಕ್ತ', 'ಮುಕ್ತ ಮುಕ್ತ', 'ಮಹಾಪರ್ವ' ಬಂದವು. ನಡುವೆ ಎಸ್.ಎಲ್. ಭೈರಪ್ಪನವರ ಕಾದಂಬರಿಯಿಂದ 'ಮತದಾನ' ಸಿನಿಮಾ ಮಾಡಿದರು, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ೨೦೧೮ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಶುರುವಾದ 'ಮಗಳು ಜಾನಕಿ' ೨೦೨೦ರ ಕೊರೊನಾ ಕಾಲದಲ್ಲಿ ನಿಂತುಹೋಯಿತು. ೨೦೨೨ರಲ್ಲಿ 'ಮತ್ತೆ ಮಾಯಾಮೃಗ' ಬಂತು. ಕಾಲು ಶತಮಾನದ ದುಡಿಮೆ ಇದು. ಕನ್ನಡದಲ್ಲಿ ಇಷ್ಟು ದಿನ, ಇಷ್ಟು ಜನರ ಜೊತೆ, ದಿನಾ ಸಂಜೆ ಮಾತಾಡಿದ ಲೇಖಕ ಇನ್ನೊಬ್ಬ ಇದ್ದಾನೆಯೆ? ನಮ್ಮ ಕವಿಗಳ ಪುಸ್ತಕ ಕಪಾಟಿನಲ್ಲಿರುತ್ತದೆ. ಸೀತಾರಾಮ್ ಊಟದ ತಟ್ಟೆಯ ಎದುರಿಗೆ ಇದ್ದರು. ವಿಮರ್ಶಕರು ಇವರನ್ನು 'ಧಾರಾವಾಹಿಯವರು' ಎಂದು ಪಕ್ಕಕ್ಕಿಟ್ಟದ್ದು ಸೋಮಾರಿತನ. ಒಂದು ಕಾದಂಬರಿಯನ್ನು ಎಷ್ಟು ಜಾಗರೂಕತೆಯಿಂದ ಓದುತ್ತೇವೋ ಅಷ್ಟೇ ಜಾಗರೂಕತೆಯಿಂದ ಈ ಕೆಲಸವನ್ನೂ ಓದಬೇಕು.

೨

ನಾನು 'ಮಾಯಾಮೃಗ'ವನ್ನು ಮೊದಲು ಕೇಳಿದ್ದು ಅವ್ವನ ಹೊಟ್ಟೆಯೊಳಗಿಂದ. ಅವ್ವ ಆಗ ಜಯನಗರದಲ್ಲಿ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಸಂಜೆ ನಾಲ್ಕೂವರೆಗೆ ಧಾರಾವಾಹಿ. ಆ ಹೊತ್ತಿಗೆ ಸರಿಯಾಗಿ ಟೀವಿ ಇರುವ ಮನೆಯ ಪಾತ್ರೆ ಬರುವ ಹಾಗೆ ಅವ್ವ ತನ್ನ ಕೆಲಸದ ಸರದಿಯನ್ನೇ ಬದಲಾಯಿಸಿಕೊಂಡಿದ್ದಳಂತೆ. ಅಡುಗೆಮನೆಗೂ ನಡುಮನೆಗೂ ಮಧ್ಯದ ಬಾಗಿಲಲ್ಲಿ, ಕೈಯಲ್ಲಿ ಸೋಪಿನ ನೊರೆ ಇಟ್ಟುಕೊಂಡು ನಿಂತು ನೋಡುವುದು. ಮನೆಯಮ್ಮ ಒಳ್ಳೆಯವರು. "ಕೂತ್ಕೊಂಡು ನೋಡೇ, ಬಸುರಿ ಹೆಂಗಸು" ಅಂತಿದ್ದರಂತೆ. ಕೂರಲು ತೋರಿಸಿದ ಜಾಗ ಬಾಗಿಲ ಹತ್ತಿರದ ನೆಲ. "ನೆಲದ ಮ್ಯಾಲೆ ಕೂತ್ರೆ ಎದ್ದೇಳಕಾಯ್ತಿರ್ಲಿಲ್ಲ ಕಣಪ್ಪ, ಅದ್ಕೆ ನಿಂತೇ ನೋಡ್ದೆ" ಅನ್ನುತ್ತಾಳೆ ಅವ್ವ. ಸೋಫಾ ಖಾಲಿ ಇತ್ತೇ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯ ಅವಳಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಅವ್ವ ಅತ್ತಿದ್ದು ಯಾರಿಗಾಗಿ? ಆ ಕತೆಯ ಮನೆಯ ಹೆಣ್ಣುಮಕ್ಕಳಿಗಾಗಿ. ಸಂಬಳ ಸಾಲದೆ ಒದ್ದಾಡುವ, ಮಗಳ ಮದುವೆಗೆ ಒದ್ದಾಡುವ, ಮರ್ಯಾದೆಗೆ ಅಂಜುವ ಮಧ್ಯಮವರ್ಗದ ಸಂಸಾರಕ್ಕಾಗಿ. ಅವರ ಕಷ್ಟ ಸುಳ್ಳೆಂದು ನಾನು ಹೇಳುವುದಿಲ್ಲ. ಎಂ.ಡಿ. ಪಲ್ಲವಿ, ಮಾಳವಿಕಾ ಅವಿನಾಶ್ ಅಂಥವರು ಆ ಕಷ್ಟಕ್ಕೆ ಮುಖ ಕೊಟ್ಟರು. ರಂಗಭೂಮಿಯಿಂದ ಬಂದ ನಟರು ಕಿರುಚದೆ ಮಾತಾಡಿದರು. ಹೆಂಗಸರು ಕೆಲಸಕ್ಕೆ ಹೋದರು, ಎದುರು ಮಾತಾಡಿದರು, ಗಂಡಸರ ತಪ್ಪನ್ನು ಗಂಡಸರ ಮುಖಕ್ಕೇ ಹೇಳಿದರು. ಅತ್ತೆ ಸೊಸೆಗೆ ವಿಷ ಹಾಕುವುದೇ ಕತೆ ಎಂದು ಟೀವಿ ತೀರ್ಮಾನಿಸಿದ ಕಾಲದಲ್ಲೂ ಸೀತಾರಾಮರ ಹೆಂಗಸರು ಪುಸ್ತಕ ಓದುತ್ತಿದ್ದರು, ರಾಜಕೀಯ ಮಾತಾಡುತ್ತಿದ್ದರು.

ಇದರಿಂದ ನಮ್ಮ ಮನೆಗೂ ಲಾಭವಾಗಿದೆ. ನನ್ನ ಅಕ್ಕನನ್ನು ಎಸ್ಸೆಸ್ಸೆಲ್ಸಿ ಆದ ಕೂಡಲೇ ಮದುವೆ ಮಾಡಿಬಿಡಬೇಕೆಂದು ಅಪ್ಪ ಹಟ ಹಿಡಿದಿದ್ದಾಗ, 'ಮುಕ್ತ ಮುಕ್ತ' ನೋಡುತ್ತಿದ್ದ ಅವ್ವ ಜಗಳಾಡಿ ಪಿಯುಸಿಗೆ ಸೇರಿಸಿದಳು. "ಆ ಹುಡ್ಗೀರು ಓದಿ ಮಾತಾಡ್ತವೆ, ನಮ್ಮವ್ಳು ಯಾಕೆ ಮಾತಾಡ್ಬಾರ್ದು" ಅಂದಳಂತೆ. ಇದನ್ನು ಬರೆಯದೆ ಮುಂದಿನದನ್ನು ಬರೆದರೆ ನಾನು ಕೃತಘ್ನನಾಗುತ್ತೇನೆ.

ಈಗ ಮುಂದಿನದು. ನಾನು ದೊಡ್ಡವನಾದ ಮೇಲೆ ಯೂಟ್ಯೂಬಿನಲ್ಲಿ ಹುಡುಕಿ ಹುಡುಕಿ ಈ ಧಾರಾವಾಹಿಗಳ ಕಂತುಗಳನ್ನು ನೋಡಿದೆ. ಎಲ್ಲವನ್ನೂ ನೋಡಿದ್ದೇನೆ ಎಂದು ಹೇಳಿಕೊಳ್ಳಲಾರೆ. ನೋಡಿದಷ್ಟರಲ್ಲಿ ನಾನು ಹುಡುಕುತ್ತಿದ್ದದ್ದು ಒಂದೇ: ಅವ್ವ ನಿಂತಿದ್ದ ಬಾಗಿಲು. ಕೆಲಸದವಳು ಬರುತ್ತಾಳೆ, ಕಾಫಿ ಇಡುತ್ತಾಳೆ, ಒಂದು ಮಾತು ಹೇಳುತ್ತಾಳೆ, ಹೋಗುತ್ತಾಳೆ. ಅವಳಿಗೆ ಹೆಸರಿರಬಹುದು. ಹೋಗುವುದು ಎಲ್ಲಿಗೆ? ಕ್ಯಾಮೆರಾ ಅವಳ ಹಿಂದೆ ಹೋಗುವುದಿಲ್ಲ. ಅವಳ ಮನೆಯಲ್ಲಿ ಯಾರಿಗೆ ಜ್ವರ, ಅವಳ ಮಗ ಏನು ಓದುತ್ತಾನೆ, ರಾತ್ರಿ ಅವಳು ಏನು ಉಂಡಳು, ನನಗೆ ಸಿಗಲಿಲ್ಲ. ಅವ್ವ ಆ ಮನೆಯವರಿಗಾಗಿ ವರ್ಷಗಟ್ಟಲೆ ಅತ್ತಳು. ಆ ಮನೆ ಅವ್ವನಿಗಾಗಿ ಒಂದು ಕಂತನ್ನೂ ಅಳಲಿಲ್ಲ.

೩

ಇದು ಒಬ್ಬ ನಿರ್ದೇಶಕನ ಮರೆವಲ್ಲ. ಇದಕ್ಕೊಂದು ಭೂಗೋಳವಿದೆ. ಸೀತಾರಾಮರ ಕತೆಗಳು ಎಲ್ಲೇ ನಡೆಯಲಿ, ಅವುಗಳ ಮನಸ್ಸು ವಾಸವಾಗಿರುವುದು ಬೆಂಗಳೂರಿನ ದಕ್ಷಿಣದಲ್ಲಿ. ಜಯನಗರ, ಬನಶಂಕರಿ, ಜೆ.ಪಿ. ನಗರದ ಓದಿದ ಸಂಸಾರಗಳ ನಡುಮನೆಯಲ್ಲಿ. ನಾನೂ ಇಲ್ಲೇ ಹುಟ್ಟಿದವನು. ಹಾಗಾಗಿ ಈ ನಕ್ಷೆಯಲ್ಲಿ ಏನು ಅಳಿಸಿಹೋಗಿದೆ ಎಂಬುದು ನನಗೆ ಗೊತ್ತು.

ಬಿ.ಟಿ.ಎಂ. ಲೇಔಟ್ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಊರುಗಳು ಮೂರು ಇಂಗ್ಲಿಷ್ ಅಕ್ಷರಗಳಾಗಿ ಉಳಿದುಕೊಂಡಿವೆ. ಸಾರಕ್ಕಿ, ಜರಗನಹಳ್ಳಿ, ಯಡಿಯೂರು, ಕದಿರೇನಹಳ್ಳಿ ಇವೆಲ್ಲ ಊರುಗಳೇ. ಬಡಾವಣೆಯ ಅಡ್ಡರಸ್ತೆ ಮುಖ್ಯರಸ್ತೆಗಳ ನಡುವೆ ಇದ್ದಕ್ಕಿದ್ದಂತೆ ಓಣಿ ಸೊಟ್ಟಗಾದರೆ, ಮಾರಮ್ಮನ ಗುಡಿ ಕಂಡರೆ, ಅಲ್ಲೊಂದು ಊರಿತ್ತು ಎಂದು ಅರ್ಥ. ಊರಿದ್ದ ಮೇಲೆ ಕೇರಿಯೂ ಇತ್ತು. ೧೯೪೮ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಾಗಿನಿಂದ ಈ ಹೊಲಗಳೆಲ್ಲ ಸೈಟುಗಳಾದವು. ಕೇರಿಯ ಜನ ಎಲ್ಲಿಗೆ ಹೋದರು? ಎಲ್ಲಿಗೂ ಹೋಗಲಿಲ್ಲ. ರಾಗಿಗುಡ್ಡದ ಬುಡದಲ್ಲಿ, ತಿಲಕನಗರದ ಓಣಿಗಳಲ್ಲಿ, ಮೋರಿಯ ಪಕ್ಕದ ಶೀಟಿನ ಮನೆಗಳಲ್ಲಿ ಇದ್ದಾರೆ. ಬೆಳಗಿನ ಆರಕ್ಕೆ ಅವರು ಸೋಫಾ ಇರುವ ಮನೆಗಳಿಗೆ ಹಿಂಬಾಗಿಲಿನಿಂದ ನಡೆದು ಹೋಗುತ್ತಾರೆ.

ಜೆ.ಪಿ. ನಗರ ಎಂದರೆ ಜಯಪ್ರಕಾಶ ನಾರಾಯಣರ ಹೆಸರು. ಸಂಪೂರ್ಣ ಕ್ರಾಂತಿ ಎಂದವರ ಹೆಸರು. ಡಿಗ್ರಿ ಮುಗಿಸಿ ಕೆಲಸ ಸಿಕ್ಕ ಮೇಲೆ ಆ ಬಡಾವಣೆಯಲ್ಲಿ ಒಂದು ರೂಮು ಹುಡುಕಲು ಹೋದೆ. ಗೇಟಿಗೆ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬೋರ್ಡು. ಬೋರ್ಡಿಲ್ಲದ ಮನೆಯವರು ಬಹಳ ನಯವಾಗಿ ಕೇಳಿದರು, "ನಿಮ್ಮದು ಯಾವ ಕಡೆ? ಮನೆದೇವರು ಯಾವುದು?" ನಾನು ಹೇಳಿದೆ. "ತಿಳಿಸ್ತೀವಿ" ಅಂದರು. ಇನ್ನೂ ತಿಳಿಸಿಲ್ಲ. ಸಮಾಜವಾದಿಯ ಹೆಸರಿಟ್ಟುಕೊಂಡ ಬಡಾವಣೆಯಲ್ಲಿ ನನಗೆ ರೂಮು ಸಿಗಲಿಲ್ಲ, ಸಮಾಜವಾದಿಯ ಧಾರಾವಾಹಿಯಲ್ಲಿ ಅವ್ವನಿಗೆ ಮನೆ ಸಿಗಲಿಲ್ಲ. ಈ ಎರಡೂ ಒಂದೇ ಮಾತು ಎಂದು ನಾನು ಹೇಳುವುದಿಲ್ಲ. ಒಂದು ಜಾತಿಯ ಅಹಂಕಾರ, ಇನ್ನೊಂದು ಕಣ್ಣಿನ ಅಭ್ಯಾಸ. ಆದರೆ ಹೊರಗೆ ನಿಂತವನಿಗೆ ಎರಡೂ ಬಾಗಿಲೇ.

೪

ಸೀತಾರಾಮರ ನಿಜವಾದ ರಂಗಸ್ಥಳ ಕೋರ್ಟು. ಸಿ.ಎಸ್.ಪಿ. ಎಂಬ ವಕೀಲ. ಪಾತ್ರ ಮಾಡಿದವರೂ ಅವರೇ. ಮೆಲ್ಲಗೆ ಏಳುತ್ತಾರೆ, ಕನ್ನಡಕ ಸರಿಮಾಡಿಕೊಳ್ಳುತ್ತಾರೆ, ಒಂದು ಸಣ್ಣ ಪ್ರಶ್ನೆ ಕೇಳುತ್ತಾರೆ. ಸಾಕ್ಷಿ ಬೆವರುತ್ತಾನೆ. ಇನ್ನೊಂದು ಸಣ್ಣ ಪ್ರಶ್ನೆ. ಕಂತು ಮುಗಿಯುತ್ತದೆ. ಮರುದಿನ ಬೆಂಗಳೂರಿನ ಆಫೀಸು, ಅಂಗಡಿ, ಬಸ್ಸುಗಳಲ್ಲಿ ಅದೇ ಮಾತು. ಕಾನೂನಿನ ತರ್ಕವನ್ನು ಇಷ್ಟು ರುಚಿಕಟ್ಟಾಗಿ ಜನರ ಮುಂದೆ ಇಟ್ಟವರು ಕನ್ನಡದಲ್ಲಿ ಇನ್ನೊಬ್ಬರಿಲ್ಲ. ನನ್ನ ಓರಗೆಯ ಇಬ್ಬರು ಹುಡುಗರು ಸಿ.ಎಸ್.ಪಿ.ಯನ್ನು ನೋಡಿಯೇ ಲಾ ಕಾಲೇಜು ಸೇರಿದರು.

ಆದರೆ ಆ ಕೋರ್ಟಿನಲ್ಲಿ ನ್ಯಾಯ ಹೇಗೆ ಹುಟ್ಟುತ್ತದೆ ನೋಡಿ. ಒಬ್ಬ ಓದಿದ, ನಯವಾದ, ಮಾತು ಬಲ್ಲ ಮನುಷ್ಯ ಸರಿಯಾದ ಪ್ರಶ್ನೆ ಕೇಳುತ್ತಾನೆ. ಸತ್ಯ ಹೊರಗೆ ಬರುತ್ತದೆ. ಸತ್ಯ ಬಂದ ಕೂಡಲೇ ನ್ಯಾಯ ಬರುತ್ತದೆ. ನಡುವೆ ಬೇರೇನೂ ಬೇಡ. ಕೋರ್ಟಿನ ಬಗ್ಗೆ ಇಂಥ ನಂಬಿಕೆ ಇರುವುದು ಕೋರ್ಟಿನಿಂದ ಕಾರಿನಲ್ಲಿ ಮನೆಗೆ ಹೋಗುವವರಿಗೆ.

೨೦೦೦ದ ಮಾರ್ಚ್ ೧೧ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸಜೀವ ಸುಟ್ಟರು. ಆಗ ಅದು ಕೋಲಾರ ಜಿಲ್ಲೆ. ಸೀತಾರಾಮರ ಗೌರಿಬಿದನೂರೂ ಆಗ ಅದೇ ಜಿಲ್ಲೆ. ಕೇಸು ನಡೆಯಿತು. ಸಾಕ್ಷಿಗಳು ತಿರುಗಿಬಿದ್ದರು. ೨೦೦೬ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ೨೦೧೪ರಲ್ಲಿ ಹೈಕೋರ್ಟು ಆ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟು ಸತ್ತದ್ದು ನಿಜ, ಸುಟ್ಟವರು ಮಾತ್ರ ಯಾರೂ ಇಲ್ಲ. ನಾನು ಹೇಳುತ್ತಿರುವ ಧಾರಾವಾಹಿಗಳು ಒಂದಾದ ಮೇಲೊಂದು ಬಂದದ್ದೂ ಇದೇ ವರ್ಷಗಳಲ್ಲಿ.

ಕಂಬಾಲಪಲ್ಲಿಯ ಮೇಲೆ ಧಾರಾವಾಹಿ ಯಾಕೆ ಮಾಡಲಿಲ್ಲ ಎಂದು ನಾನು ಕೇಳುತ್ತಿಲ್ಲ. ಹಾಗೆ ಕೇಳುವುದು ಸುಲಭ, ಅಗ್ಗ. ನಾನು ಕೇಳುವುದು ಸಾಕ್ಷಿಯ ಬಗ್ಗೆ. ಕಂಡದ್ದನ್ನು ಕಂಡೆ ಎನ್ನಲು ಹಳ್ಳಿಯ ಬಡವನೊಬ್ಬ ಯಾಕೆ ಹಿಂಜರಿಯುತ್ತಾನೆ? ಸಂಜೆ ಅವನು ಅದೇ ಊರಿಗೆ, ಅದೇ ಬಸ್ಸಿನಲ್ಲಿ, ಬಹುಶಃ ಆರೋಪಿಯ ನೆಂಟರ ಪಕ್ಕದ ಸೀಟಿನಲ್ಲಿ ಕೂತು ವಾಪಸು ಹೋಗಬೇಕು. ನಾಳೆ ಕೂಲಿ ಕೊಡುವವರು ಅವರೇ. ನೀರಿನ ಬಾವಿ ಅವರ ಹೊಲದಲ್ಲಿದೆ. ಸೊಸೈಟಿ ಅಕ್ಕಿಯ ಅಂಗಡಿ ಅವರದು. ಸೀತಾರಾಮರ ಕೋರ್ಟಿನಲ್ಲಿ ಸಾಕ್ಷಿ ಸುಳ್ಳು ಹೇಳುವುದು ದುರಾಸೆಗೆ, ಒಳಸಂಚಿಗೆ. ನಮ್ಮ ಕೋರ್ಟುಗಳಲ್ಲಿ ಸಾಕ್ಷಿ ಸುಮ್ಮನಾಗುವುದು ಅನ್ನಕ್ಕೆ. ಎಂಥ ಜಾಣ ಪ್ರಶ್ನೆಯೂ ಆ ಮೌನವನ್ನು ಒಡೆಯಲಾರದು. ಸ್ವತಃ ವಕೀಲರಾಗಿದ್ದ, ತಾಲ್ಲೂಕು ಕೋರ್ಟುಗಳ ಕಟ್ಟೆಯ ಮೇಲೆ ಕೂತ ಜನರನ್ನು ಕಂಡಿದ್ದ ಸೀತಾರಾಮರಿಗೆ ಇದು ಗೊತ್ತಿರಲಿಲ್ಲವೆಂದು ನಾನು ನಂಬಲಾರೆ. ಗೊತ್ತಿದ್ದೂ ಕ್ಯಾಮೆರಾ ಆ ಬಸ್ಸನ್ನು ಹತ್ತಲಿಲ್ಲ.

ಇನ್ನೊಂದು ಮಾತು. ಈ ಧಾರಾವಾಹಿಗಳಲ್ಲಿ ಕೇಡು ಎಂದರೆ ಹೆಚ್ಚಾಗಿ ಲಂಚ, ಭ್ರಷ್ಟ ರಾಜಕಾರಣಿ, ಹಣದ ಸೊಕ್ಕು. ಇವೆಲ್ಲ ಕೇಡೇ. ಆದರೆ ಲಂಚದ ಬಿಸಿ ಸೋಫಾದ ಮೇಲೆ ಕೂತವನಿಗೂ ತಟ್ಟುತ್ತದೆ. ಆದ್ದರಿಂದ ಲಂಚದ ವಿರುದ್ಧ ಮಾತಾಡಿದರೆ ನಡುಮನೆ ಪೂರ್ತಿ ತಲೆದೂಗುತ್ತದೆ. ಜಾತಿಯ ಬಿಸಿ ಅವನಿಗೆ ತಟ್ಟುವುದಿಲ್ಲ. ಅದರ ನೆರಳಿನಲ್ಲೇ ಅವನು ತಂಪಾಗಿ ಕೂತಿದ್ದಾನೆ. ಜಾತಿಯ ವಿರುದ್ಧ ಮಾತಾಡಿದರೆ ತಲೆದೂಗುವವನೇ ಆರೋಪಿಯಾಗುತ್ತಾನೆ. ೧೯೫೧ರಲ್ಲಿ ಕಾಗೋಡಿನ ಗೇಣಿದಾರರಿಗಾಗಿ ಬಂದು ಬಂಧನಕ್ಕೊಳಗಾದ ಲೋಹಿಯಾ ಜಾತಿಯನ್ನು ಬಿಟ್ಟು ಸಮಾಜವಾದ ಮಾತಾಡಿದವರಲ್ಲ. ಹಿಂದುಳಿದವರಿಗೆ ನೂರಕ್ಕೆ ಅರವತ್ತು ಪಾಲು ಬೇಕೆಂದು ಲೆಕ್ಕ ಹೇಳಿ ಕೇಳಿದವರು. ಆ ಲೋಹಿಯಾ ನಡುಮನೆಗೆ ಬರುವಾಗ ಲೆಕ್ಕದ ಪುಸ್ತಕವನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬಂದಂತಿದೆ. ಉಳಿದದ್ದು ಸಭ್ಯತೆ, ಅಂತಃಕರಣ, ಒಳ್ಳೆಯ ಮನುಷ್ಯ. ಸೀತಾರಾಮರ ನಾಟಕದ ಹೆಸರನ್ನೇ ಎರವಲು ಪಡೆದು ಹೇಳುವುದಾದರೆ, ಅವರ ಧಾರಾವಾಹಿಯೊಳಗೂ ಒಬ್ಬ ನಾಜೂಕಯ್ಯ ಸೇರಿಕೊಂಡಿದ್ದಾನೆ. ಅವನು ಯಾರನ್ನೂ ನೋಯಿಸುವುದಿಲ್ಲ. ನೋಯಿಸಬೇಕಾದವರನ್ನೂ ನೋಯಿಸುವುದಿಲ್ಲ.

೫

ಸೀತಾರಾಮರ ಪ್ರಭಾವದ ಮಾತಿಗೆ ಬರೋಣ. ಅವರ ಜೊತೆ 'ಮಾಯಾಮೃಗ' ಮಾಡಿದ ಶೇಷಾದ್ರಿ ೨೦೦೦ದಲ್ಲಿ 'ಮುನ್ನುಡಿ' ಸಿನಿಮಾ ಮಾಡಿ ತಮ್ಮದೇ ದಾರಿ ಹಿಡಿದರು. ಅವರ ಕೈಕೆಳಗೆ ಕಲಿತ ಎಷ್ಟೋ ಜನ ಇಂದು ನಿರ್ದೇಶಕರು, ಬರಹಗಾರರು, ನಟರು. ಕವಿಗಳಿಂದ ಶೀರ್ಷಿಕೆ ಗೀತೆ ಬರೆಸುವುದು, ಕೋರ್ಟಿನ ದೃಶ್ಯವನ್ನು ವಾರಗಟ್ಟಲೆ ಎಳೆಯುವುದು, ಕತೆಯ ನಡುವೆ ದಿನಪತ್ರಿಕೆಯ ಸುದ್ದಿಯನ್ನು ತರುವುದು ಇವೆಲ್ಲ ಕನ್ನಡ ಧಾರಾವಾಹಿಯ ರೂಢಿಗಳಾದವು.

ಆದರೆ ಅನುಕರಿಸುವವರು ಗುರುವಿನ ಗುಣಕ್ಕಿಂತ ಮೊದಲು ಗುರುವಿನ ಮನೆಯನ್ನು ಅನುಕರಿಸುತ್ತಾರೆ. ಆ ನಡುಮನೆ, ಆ ದೇವರಮನೆ, ಆ ಕನ್ನಡ ಎಲ್ಲ ವಾಹಿನಿಗಳ ಸೆಟ್ಟಿಗೂ ಹೋಯಿತು. ಆ ಕನ್ನಡದ ಬಗ್ಗೆ ಹೇಳಲೇಬೇಕು. ಕನ್ನಡ ಟೀವಿಯಲ್ಲಿ ನಡುಮನೆಗೆ ಒಂದು ಕನ್ನಡ, ಹಿಂಬಾಗಿಲಿಗೆ ಒಂದು ಕನ್ನಡ. 'ಹೋಗ್ತೀನಿ, ಬರ್ತೀನಿ' ಎನ್ನುವವರು ಪ್ರೀತಿಸುತ್ತಾರೆ, ಯೋಚಿಸುತ್ತಾರೆ, ವಾದಿಸುತ್ತಾರೆ. 'ಓಯ್ತೀನಿ, ಬತ್ತೀನಿ' ಎನ್ನುವವರು ನಗಿಸುತ್ತಾರೆ, ಗಾಡಿ ಓಡಿಸುತ್ತಾರೆ, ಇಲ್ಲವೇ ಹೊಡೆಯುತ್ತಾರೆ. ಅವ್ವನ ಕನ್ನಡದಲ್ಲಿ ತತ್ವ ಮಾತಾಡುವ ಪಾತ್ರವನ್ನು ನಾನು ಟೀವಿಯಲ್ಲಿ ಹುಡುಕುತ್ತಲೇ ಇದ್ದೇನೆ. ಅವ್ವ ದಿನಾ ಮಾತಾಡುತ್ತಾಳೆ, ಪಾತ್ರೆ ತೊಳೆಯುತ್ತಾ.

ನನಗಾದ ಒಂದು ಅನುಭವ ಹೇಳುತ್ತೇನೆ. ಡಿಗ್ರಿ ಓದುವಾಗ ಕೈಖರ್ಚಿಗೆಂದು ಒಂದು ಧಾರಾವಾಹಿಯ ಶೂಟಿಂಗಿಗೆ ಗುಂಪಿನ ಜನವಾಗಿ ಹೋಗಿದ್ದೆ. ಅದು ಸೀತಾರಾಮರದ್ದಲ್ಲ, ಯಾರದ್ದೆಂಬುದು ಬೇಡ. ಕೋರ್ಟಿನ ದೃಶ್ಯ. ನಾವು ಆರು ಜನ ಹುಡುಗರು ಸಾಲಾಗಿ ನಿಂತೆವು. ಒಬ್ಬ ಬಂದು ನಮ್ಮ ಮುಖಗಳನ್ನು ನೋಡಿದ. ಬೆಳ್ಳಗಿದ್ದ ಇಬ್ಬರಿಗೆ ಕರಿಕೋಟು ಕೊಟ್ಟ, ವಕೀಲರು. ಇಬ್ಬರನ್ನು ಬೆಂಚಿನ ಮೇಲೆ ಕೂರಿಸಿದ, ಸಾರ್ವಜನಿಕರು. ನನ್ನನ್ನೂ ಇನ್ನೊಬ್ಬನನ್ನೂ ನೋಡಿ, "ನೀವಿಬ್ರೂ ಪೊಲೀಸಿನವನ ಪಕ್ಕ ನಿಂತ್ಕೊಳಿ, ಕೈಕೋಳ ಹಾಕಿಸ್ಕೊಳಿ, ಮುಖ ಸೂಟಾಗುತ್ತೆ" ಅಂದ. ಕೆಟ್ಟವನಲ್ಲ, ಮಧ್ಯಾಹ್ನ ಊಟಕ್ಕೆ ಕರೆದು ಕೂರಿಸಿದ. ಆ ಹುಡುಗ ಯಾರೆಂದು ವಿಚಾರಿಸಿದೆ. ಅವನೂ ನಮ್ಮವನೇ, ಇಟ್ಟಮಡುವಿನವನು. ಸಂಜೆಯವರೆಗೆ ನಾವಿಬ್ಬರೂ ಮಾಡದ ತಪ್ಪಿಗೆ ಕೈಕಟ್ಟಿ ನಿಂತೆವು. ಐನೂರು ರೂಪಾಯಿ ಕೊಟ್ಟರು. ಮನೆಗೆ ಬಂದು ಅವ್ವನಿಗೆ ವಕೀಲನ ಪಾತ್ರ ಅಂತ ಸುಳ್ಳು ಹೇಳಿದೆ.

೬

ಇಷ್ಟೆಲ್ಲಕ್ಕೂ ಸೀತಾರಾಮರೊಬ್ಬರೇ ಹೊಣೆಯೇ? ಅಲ್ಲ. ಧಾರಾವಾಹಿ ಎಂಬುದು ಪುಸ್ತಕದ ಹಾಗೆ ಬರೆದವನ ಸ್ವತ್ತಲ್ಲ. ಅದರ ನಡುವೆ ಬಟ್ಟೆ ಸೋಪಿನ ಜಾಹೀರಾತು ಬರಬೇಕು. ಸೋಪು ಮಾರುವವನಿಗೆ ಯಾರು ನೋಡುತ್ತಾರೆ ಎಂಬ ಲೆಕ್ಕ ಬೇಕು. ಆ ಲೆಕ್ಕದ ಬಗೆ ನಮ್ಮ ಓದುಗರಿಗೆ ತಿಳಿದಿರಲಿ. ೨೦೧೧ರಲ್ಲಿ ಬಂದ ಎನ್‌ಸಿಸಿಎಸ್ ಎಂಬ ವರ್ಗೀಕರಣದಲ್ಲಿ ಒಂದು ಮನೆಯನ್ನು ಅಳೆದದ್ದು ಎರಡರಿಂದ: ಮನೆಯ ಮುಖ್ಯ ದುಡಿಮೆಗಾರ ಎಷ್ಟು ಓದಿದ್ದಾನೆ, ಹನ್ನೊಂದು ವಸ್ತುಗಳ ಪಟ್ಟಿಯಲ್ಲಿ ಮನೆಯಲ್ಲಿ ಎಷ್ಟಿವೆ. ಫ್ಯಾನು, ಗ್ಯಾಸು, ಫ್ರಿಜ್ಜು, ವಾಷಿಂಗ್ ಮಿಷನ್ನು, ಕಾರು, ಎ.ಸಿ. ಇತ್ಯಾದಿ. ಆ ಪಟ್ಟಿಯಲ್ಲಿ ಬೇಸಾಯದ ಜಮೀನೂ ಇದೆ. ನಮ್ಮ ಮನೆಯ ಮುಖ್ಯ ದುಡಿಮೆಗಾರಳು ಅವ್ವ. ಶಾಲೆಯ ಮುಖ ಕಂಡವಳಲ್ಲ. ಜಮೀನು ನಮಗೆಲ್ಲಿಂದ ಬರಬೇಕು? ನಾಲ್ಕು ಮನೆಯ ಬಟ್ಟೆ ಒಗೆದವಳ ಕಣ್ಣು ಸೋಪಿನ ಕಂಪನಿಯ ಲೆಕ್ಕದಲ್ಲಿ ತೀರಾ ಅಗ್ಗದ ಕಣ್ಣು. ಅಗ್ಗದ ಕಣ್ಣಿಗಾಗಿ ಕತೆ ಬರೆಯಲು ವಾಹಿನಿಗಳು ದುಡ್ಡು ಕೊಡುವುದಿಲ್ಲ. ಸೀತಾರಾಮರು ಈ ಗಾಣದೊಳಗೆ ಕೂತು, ಅದರ ಸುತ್ತನ್ನು ಒಂದಿಷ್ಟಾದರೂ ಬದಲಾಯಿಸಿದರು. ಅವರ ದೊಡ್ಡತನ ಅಲ್ಲಿದೆ. 'ಮುಕ್ತ ಮುಕ್ತ'ದ ಕಾಲದಲ್ಲಿ ಊರೂರಿಗೆ ಹೋಗಿ ನೋಡುಗರ ಜೊತೆ ಸಂವಾದ ನಡೆಸಿದರು. ಪ್ರಶ್ನೆ ಕೇಳಿಸಿಕೊಂಡರು. ಎಷ್ಟು ಜನ ಲೇಖಕರು ಅಷ್ಟು ಮಾಡುತ್ತಾರೆ? ಆದರೆ ಆ ಸಭಾಂಗಣಗಳಿಗೂ ಸಂಜೆ ಬಿಡುವಿದ್ದವರು ಬಂದರು. ಅವ್ವನಿಗೆ ಸಂಜೆ ಪಾತ್ರೆ ಇತ್ತು.

ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯದ ಗೋಷ್ಠಿಗೆ ಜಾಗವಿಲ್ಲ ಎಂದಾಗ, ನಮ್ಮ ಹಿರಿಯರು ಅವರ ಬಾಗಿಲಲ್ಲಿ ನಿಂತು ಬೇಡಲಿಲ್ಲ. ೧೯೭೯ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲೇ ತಮ್ಮದೇ ಸಮ್ಮೇಳನ ಮಾಡಿದರು. ಸಾಹಿತ್ಯದಲ್ಲಿ ನಾವು ಬೇರೆ ಮನೆ ಕಟ್ಟಿದೆವು. ಟೀವಿಯ ವಿಷಯದಲ್ಲಿ ಏನು ಮಾ���ಿದೆವು? ಮೂರ್ಖರ ಪೆಟ್ಟಿಗೆ ಎಂದು ಬೈದು ಸುಮ್ಮನಾದೆವು. ನಾವು ಬೈಯುತ್ತಿದ್ದಾಗ ನಮ್ಮ ಅವ್ವಂದಿರು ಅದರ ಮುಂದೆ ನಿಂತಿದ್ದರು. ನಾವು ಈ ಪುಟ್ಟ ಪತ್ರಿಕೆಗಳಲ್ಲಿ ಬರೆಯುವ ಕವಿತೆಯನ್ನು ನನ್ನ ಅವ್ವ ಓದಲಾರಳು. ಅವಳಿಗೆ ಓದು ಬಾರದು. ಅವಳಿಗೆ ತಲುಪುವ ಒಂದೇ ಒಂದು ಕನ್ನಡ ಸಾಹಿತ್ಯ ಧಾರಾವಾಹಿ. ಅದನ್ನು ನಾವು ಬರೆಯದೆ, ಬರೆದವರು ನಮ್ಮನ್ನು ಬರೆಯಲಿಲ್ಲ ಎಂದು ದೂರುವುದರಲ್ಲಿ ಅರ್ಧ ನ್ಯಾಯ ಮಾತ್ರ ಇದೆ.

ಉಳಿದರ್ಧ ಎಲ್ಲಿಂದಲೋ ಬಂತು. ೨೦೨೦ರ ಜುಲೈನಲ್ಲಿ ಜೀ ಕನ್ನಡದಲ್ಲಿ 'ಮಹಾನಾಯಕ' ಶುರುವಾಯಿತು. ಬಾಬಾಸಾಹೇಬರ ಬದುಕಿನ ಧಾರಾವಾಹಿ. ಹಿಂದಿಯದು, ಕನ್ನಡಕ್ಕೆ ಡಬ್ ಮಾಡಿದ್ದು. ಕನ್ನಡಕ್ಕೆ ಡಬ್ಬಿಂಗ್ ಬರಬಾರದು ಎಂದು ದಶಕಗಟ್ಟಲೆ ಕಾವಲು ಕಾದಿದ್ದ ಬಾಗಿಲು ಆ ಹೊತ್ತಿಗೆ ತೆರೆದಿತ್ತು, ತೆರೆದ ಬಾಗಿಲಿನಿಂದ ಅಂಬೇಡ್ಕರ್ ಒಳಗೆ ಬಂದರು. ರಾಜ್ಯದ ಕೇರಿಕೇರಿಗಳಲ್ಲಿ ಆ ಧಾರಾವಾಹಿಯ ಫ್ಲೆಕ್ಸುಗಳು ಎದ್ದವು. ಒಂದು ಟೀವಿ ಕತೆಗಾಗಿ ಜನ ತಮ್ಮ ದುಡ್ಡಿನಲ್ಲಿ ಬ್ಯಾನರು ಕಟ್ಟಿದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

ಕಲೆಯ ಕಣ್ಣಿನಿಂದ ನೋಡಿದರೆ 'ಮಹಾನಾಯಕ' ಸೀತಾರಾಮರ ಯಾವ ಧಾರಾವಾಹಿಗೂ ಸಮನಲ್ಲ. ಹಿನ್ನೆಲೆ ಸಂಗೀತ ಕಿವಿ ಕೊರೆಯುತ್ತದೆ. ಒಂದೇ ಮುಖವನ್ನು ಮೂರು ಸಲ ತೋರಿಸುತ್ತಾರೆ. ತುಟಿ ಒಂದು ಹೇಳಿದರೆ ಮಾತು ಇನ್ನೊಂದು. ಹುಡುಗ ಭೀಮನನ್ನು ದೇವರ ಹಾಗೆ ಮಾಡಿಬಿಟ್ಟಿದ್ದಾರೆ, ಬಾಬಾಸಾಹೇಬರು ಒಪ್ಪುತ್ತಿರಲಿಲ್ಲ. ಇದೆಲ್ಲವನ್ನೂ ನಾನು ಅವ್ವನಿಗೆ ವಿವರಿಸಿದೆ. ಡಿಗ್ರಿ ಓದಿದ ಮಗ, ವಿವರಿಸಬೇಕಲ್ಲ. ಅವ್ವ ಅಂದಳು: "ಇರ್ಲಿ ಬಿಡಪ್ಪ. ಆ ಮಗೀಗೆ ನೀರು ಎತ್ತಿ ಉಯ್ದ್ರಲ್ಲ, ನಂಗೂ ಅಂಗೇ ಉಯ್ದಿದ್ರು. ಅದು ನಂಗೆ ಗೊತ್ತಿತ್ತು. ಟೀವೀಗೂ ಗೊತ್ತು ಅಂತ ಗೊತ್ತಿರ್ನಿಲ್ಲ."

ನನ್ನ ವಿಮರ್ಶೆ ಅಲ್ಲಿಗೆ ನಿಂತಿತು. ನಮ್ಮ ಶೀಟಿನ ಮನೆಯಲ್ಲಿ ನಡುಮನೆಯೂ ಅಡುಗೆಮನೆಯೂ ಒಂದೇ. ಮಧ್ಯೆ ಬಾಗಿಲಿಲ್ಲ. ಅವ್ವ ಚಾಪೆ ಹಾಸಿ ಗೋಡೆಗೆ ಒರಗಿ ಕೂತಿದ್ದಳು.

ಸೀತಾರಾಮರಲ್ಲಿ ನನಗೆ ಇನ್ನೂ ಒಂದು ಕೇಳಿಕೆ ಇದೆ. ಮತ್ತೊಮ್ಮೆ ಸಿ.ಎಸ್.ಪಿ. ಎದ್ದು ನಿಂತರೆ, ಒಂದು ದಿನ ಪ್ರಶ್ನೆ ಕೇಳುವುದನ್ನು ಬಿಟ್ಟು, ಕಟಕಟೆಯಲ್ಲಿ ನಿಂತ ಹೆಂಗಸಿಗೆ ಅವಳ ಕನ್ನಡದಲ್ಲೇ ಪೂರ್ತಿ ಕಂತು ಮಾತಾಡಲು ಬಿಡಲಿ. ಅವಳು ತೊದಲುತ್ತಾಳೆ, ಹಿಂದಿನದು ಮುಂದೆ ಮುಂದಿನದು ಹಿಂದೆ ಹೇಳುತ್ತಾಳೆ, ಜಾಹೀರಾತಿನವರಿಗೆ ಬೇಸರವಾಗುತ್ತದೆ. ಆಗಲಿ. ಕಂತು ಮುಗಿದ ಮೇಲೆ ಕ್ಯಾಮೆರಾ ಅವಳ ಜೊತೆ ಬಸ್ಸು ಹತ್ತಲಿ.

ನಮ್ಮ ಗೆಳೆಯರಲ್ಲಿ ಕೇಳುವುದು ಇನ್ನೂ ನೇರವಾದದ್ದು. ಕವಿತೆ ಬರೆಯುವ ಕೈಗಳು ಸ್ವಲ್ಪ ದಿನ ಚಿತ್ರಕತೆ ಬರೆಯಲು ಕಲಿಯಲಿ. ಸೀತಾರಾಮರ ಕಂತುಗಳನ್ನು ಮುಂದೆ ಇಟ್ಟುಕೊಂಡೇ ಕಲಿಯಲಿ. ದೃಶ್ಯ ಹೇಗೆ ಕಟ್ಟುವುದು, ಮಾತನ್ನು ಎಲ್ಲಿ ನಿಲ್ಲಿಸುವುದು, ನಾಳೆಗೆ ಏನು ಉಳಿಸುವುದು ಎಂಬುದಕ್ಕೆ ಕನ್ನಡದಲ್ಲಿ ಅವರಿಗಿಂತ ಒಳ್ಳೆಯ ಪಾಠವಿಲ್ಲ. ಕಲಿತದ್ದನ್ನು ತೆಗೆದುಕೊಂಡು ಹೋಗಬೇಕಾದ ಮನೆ ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಶುರುಮಾಡಿದ್ದೇನೆ. ಮೊದಲ ದೃಶ್ಯ: ಬೆಳಿಗ್ಗೆ ಆರು ಗಂಟೆ, ರಾಗಿಗುಡ್ಡ, ಒಬ್ಬ ಹೆಂಗಸು ತನ್ನ ಮನೆಯ ಪಾತ್ರೆ ತೊಳೆಯುತ್ತಿದ್ದಾಳೆ.